ಠಾಣೆಯವರು ಓಣಿಗೆ ಬಂದಾಗ ಏನು ಕೇಳಬೇಕು, ಏನು ಹೇಳಬೇಕು?

ಪ್ರಶ್ನೆ: ನಾವು ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿದ್ದೇವೆ. ಬೇಸಿಗೆ ಶುರುವಾದ ಮೇಲೆ ನಮ್ಮ ಓಣಿಯಲ್ಲಿ ಎರಡು ಮನೆ ಕಳವಾಗಿದೆ, ಒಂದು ಬೈಕ್ ಹೋಗಿದೆ. ಹೋದ ತಿಂಗಳು ಠಾಣೆಯವರು ಸಭೆ ಕರೆದಿದ್ದರು. ಸಾಹೇಬ್ರು ಬಂದು ಬಾಗಿಲು ಭದ್ರ ಮಾಡಿಕೊಳ್ಳಿ, ಸಿಸಿಟಿವಿ ಹಾಕಿಸಿ ಅಂದರು. ಫೋಟೋ ತೆಗೆಸಿದರು, ಚಹಾ ಕುಡಿದು ಹೋದರು. ನಮ್ಮ ಏರಿಯಾದಲ್ಲಿ ಎಷ್ಟು ಕಳವಾಗಿದೆ ಅಂತ ಕೇಳಿದರೆ 'ತನಿಖೆ ನಡೀತಿದೆ' ಅಂದರು. ಈ ಕಡೆ ವಾಟ್ಸಾಪ್‌ನಲ್ಲಿ ದಿನಾ ಹೊಸ ಗ್ಯಾಂಗ್ ಬಂತು ಅನ್ನೋ ಮೆಸೇಜ್. ಇಂಥ ಸಭೆಗೆ ಹೋಗಿ ಪ್ರಯೋಜನ ಇದೆಯಾ? ಅಪರಾಧದ ಮಾಹಿತಿ ಕೇಳುವ ಹಕ್ಕು ನಮಗಿದೆಯಾ? ಸಿಸಿಟಿವಿ ದೃಶ್ಯ ಗ್ರೂಪಿಗೆ ಹಾಕಬಹುದಾ?

ಉತ್ತರ: ಹೋಗಿ. ಮುಂದಿನ ಸಭೆಗೂ ತಪ್ಪದೆ ಹೋಗಿ. ಆದರೆ ಖಾಲಿ ಕೈಯಲ್ಲಿ ಹೋಗಬೇಡಿ.

ನಾನು ಈ ಭಾಗದ ಠಾಣೆಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಇಂಥ ಸಭೆಗಳಲ್ಲಿ ಮೇಜಿನ ಆ ಕಡೆ ಕೂತವನು. ನಿಮ್ಮ ಸಭೆ ಯಾಕೆ ಹಾಗೆ ಮುಗಿಯಿತು ಅನ್ನೋದನ್ನ ಮೊದಲು ಹೇಳುತ್ತೇನೆ. ಠಾಣೆಯ ಕಡೆಯಿಂದ ನೋಡಿದರೆ ಸಭೆ ಅಂದರೆ ಒಂದು ವರದಿ. ಇಂಥ ದಿನ, ಇಂಥ ಬಡಾವಣೆಯಲ್ಲಿ, ಇಷ್ಟು ಜನ ಸೇರಿದ್ದರು, ಇಂಥ ವಿಷಯದ ಬಗ್ಗೆ ತಿಳಿವಳಿಕೆ ಕೊಡಲಾಯಿತು ಅಂತ ಬರೆದು, ಫೋಟೋ ಜೋಡಿಸಿ ಮೇಲಿನವರಿಗೆ ಕಳಿಸುತ್ತಾರೆ. ಓಣಿಯವರು ಬಾಯಲ್ಲಿ ಹೇಳಿದ್ದು ಆ ವರದಿಯಲ್ಲಿ ಸೇರೋದು ಅಪರೂಪ. ಇದರಲ್ಲಿ ಆ ಅಧಿಕಾರಿಯ ಕೆಟ್ಟತನ ಹುಡುಕಬೇಡಿ. ಅವರಿಗೆ ಅದೇ ದಿನ ಕೋರ್ಟ್ ಇರುತ್ತದೆ, ಬಂದೋಬಸ್ತ್ ಇರುತ್ತದೆ, ವಾರೆಂಟ್ ಜಾರಿ ಮಾಡೋದಿರುತ್ತದೆ. ನೀವು 'ಎಷ್ಟು ಕಳವಾಗಿದೆ' ಅಂತ ಗಾಳಿಯಲ್ಲಿ ಕೇಳಿದರೆ, 'ತನಿಖೆ ನಡೀತಿದೆ' ಅನ್ನೋದು ಅವರ ಬಾಯಿಗೆ ತಾನಾಗಿ ಬರುವ ಮಾತು. ಅವರು ಉತ್ತರ ಕೊಡಲು ಸಾಧ್ಯವಿರುವ ಪ್ರಶ್ನೆ ಕೇಳಿ. ಅವರು ಬರೆದುಕೊಳ್ಳಲೇಬೇಕಾದ ಮಾಹಿತಿ ಕೊಡಿ. ಆಗ ಸಭೆಯ ರೀತಿಯೇ ಬದಲಾಗುತ್ತದೆ.

ಮೊದಲು, ನಿಮ್ಮನ್ನು ಕರೆದದ್ದು ಯಾವ ಸಭೆ ಅಂತ ತಿಳಿದುಕೊಳ್ಳಿ. ಗಣೇಶ ಹಬ್ಬ, ಈದ್, ಉರುಸು ಇವುಗಳ ಮುಂಚೆ ಕರೆಯುವುದು ಶಾಂತಿ ಸಭೆ. ಅಲ್ಲಿ ಮೆರವಣಿಗೆಯ ದಾರಿ, ಡಿಜೆ, ಸಮಯ ಇವುಗಳ ಮಾತು. ಅಲ್ಲಿ ಮನೆ ಕಳವಿನ ವಿಷಯ ತೆಗೆದರೆ ಯಾರೂ ಕಿವಿಗೊಡುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರ ಕುಂದುಕೊರತೆ ಸಭೆ ಬೇರೆ, ಅದಕ್ಕೆ ಅದರದೇ ಮಹತ್ವ ಇದೆ. ಶಾಲೆ ಮಕ್ಕಳನ್ನು ಠಾಣೆಗೆ ಕರೆದು ತೋರಿಸುವ 'ತೆರೆದ ಮನೆ' ಇನ್ನೊಂದು. ನಿಮಗೆ ಬೇಕಾದ್ದು ಜನಸಂಪರ್ಕ ಸಭೆ ಅಥವಾ ಬೀಟ್ (ಒಬ್ಬ ಪೊಲೀಸರಿಗೆ ವಹಿಸಿದ ಗಸ್ತಿನ ಪ್ರದೇಶ) ಸಭೆ. ಕಲಬುರಗಿ ನಗರಕ್ಕೆ 2019ರಿಂದ ಪೊಲೀಸ್ ಆಯುಕ್ತಾಲಯ ಬಂದಿದೆ. ಹಾಗಾಗಿ ನಗರದ ಠಾಣೆಗಳ ಮೇಲೆ ಎಸಿಪಿ, ಡಿಸಿಪಿ, ಆಯುಕ್ತರು ಇರುತ್ತಾರೆ. ಆಳಂದ, ಅಫಜಲಪುರ, ಚಿತ್ತಾಪುರದಂಥ ತಾಲ್ಲೂಕಿನವರಿಗೆ ಡಿವೈಎಸ್ಪಿ, ಎಸ್ಪಿ. ಹಿರಿಯ ಅಧಿಕಾರಿ ಬರುವ ಜನಸಂಪರ್ಕ ಸಭೆಗೂ, ನಿಮ್ಮ ಓಣಿಗೆ ಪಿಎಸ್‌ಐ ಬರುವ ಸಭೆಗೂ ಕೇಳುವ ಪ್ರಶ್ನೆ ಬೇರೆ ಬೇರೆ. ಠಾಣೆಯಲ್ಲಿ ಆಗದೇ ಉಳಿದ ಕೆಲಸವನ್ನ ಮೊದಲನೆಯದಕ್ಕೆ ಒಯ್ಯಿರಿ. ಓಣಿಯ ದಿನನಿತ್ಯದ ಮಾತು ಎರಡನೆಯದಕ್ಕೆ.

ಇನ್ನು ನಿಮ್ಮ ಸಭೆಯಲ್ಲಿ ನೀವು ನೋಡಬೇಕಾದ ಮನುಷ್ಯ ವೇದಿಕೆಯ ಮೇಲೆ ಕೂತವರಲ್ಲ. ಬಾಗಿಲ ಹತ್ತಿರ ಕೈಕಟ್ಟಿ ನಿಂತಿರುವ ಹೆಡ್ ಕಾನ್‌ಸ್ಟೆಬಲ್ ಅಥವಾ ಪೇದೆ. ರಾಜ್ಯದಲ್ಲಿ 2017ರಲ್ಲಿ ಬೀಟ್ ಪದ್ಧತಿಯನ್ನು ಬದಲಿಸಿದರು. ಠಾಣೆಯ ಇಡೀ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ, ಒಂದೊಂದು ಬೀಟ್‌ಗೆ ಒಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿದರು. ಆ ಬೀಟ್‌ನ ನಾಗರಿಕರ ಸಮಿತಿಯೂ ಇರಬೇಕು ಅನ್ನೋದು ಅದರ ಜೊತೆಗೇ ಬಂದ ಮಾತು. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು. ಬೀಟ್ ಪೊಲೀಸರು ಮನೆ ಬಾಗಿಲಿಗೇ ಬಂದು ಕಷ್ಟಸುಖ ಕೇಳಬೇಕು ಅನ್ನೋದು ಅದರ ಉದ್ದೇಶ. ಕಾಗದದ ಮೇಲೆ ಇವೆರಡೂ ಚೆನ್ನಾಗಿವೆ. ನೆಲದ ಮೇಲೆ ಹೇಗಿವೆ ಅನ್ನೋದು ನಿಮ್ಮ ಓಣಿ ಎಷ್ಟು ಕೇಳುತ್ತದೆ ಅನ್ನುವುದರ ಮೇಲಿದೆ. ಆದ್ದರಿಂದ ಸಭೆಯಲ್ಲಿ ಮೊದಲ ಪ್ರಶ್ನೆ ಇದಿರಲಿ: ನಮ್ಮ ಬೀಟ್ ನಂಬರ್ ಎಷ್ಟು, ಬೀಟ್ ಯಾರದು, ಅವರ ಮೊಬೈಲ್ ನಂಬರ್ ಏನು, ರಾತ್ರಿ ಗಸ್ತು ನಮ್ಮ ಓಣಿಗೆ ಯಾವ ಹೊತ್ತಿಗೆ ಬರುತ್ತದೆ, ಅವರು ಸಹಿ ಹಾಕುವ ಬೀಟ್ ಪುಸ್ತಕ ಎಲ್ಲಿದೆ?

ಈ ಕೊನೆಯ ಪ್ರಶ್ನೆ ತುಂಬಾ ಕೆಲಸ ಮಾಡುತ್ತದೆ. ಬೀಟ್ ಪುಸ್ತಕ ಸಾಮಾನ್ಯವಾಗಿ ಮುಖ್ಯರಸ್ತೆಯ ಒಂದು ಅಂಗಡಿಯಲ್ಲೋ, ಗುಡಿಯಲ್ಲೋ, ಎಟಿಎಂ ಹತ್ತಿರವೋ ಇರುತ್ತದೆ. ಈಗ ಕೆಲವು ಕಡೆ ಮೊಬೈಲ್‌ನಲ್ಲೇ ಸ್ಕ್ಯಾನ್ ಮಾಡುತ್ತಾರೆ. ಗಸ್ತಿನವರು ಸಹಿ ಹಾಕಬೇಕಾದ ಕಡೆಗೆ ಹೋಗೇ ಹೋಗುತ್ತಾರೆ. ನಿಮ್ಮ ಓಣಿಯ ಕೊನೆಗೆ, ಜಾಲಿ ಬೆಳೆದ ಖಾಲಿ ಪ್ಲಾಟಿನ ಕಡೆಗೆ, ಸಹಿ ಹಾಕುವ ಜಾಗ ಇಲ್ಲದಿದ್ದರೆ ಅಲ್ಲಿಗೆ ಹೋಗಲು ಅವರಿಗೆ ಕಾರಣ ಇರೋದಿಲ್ಲ. 'ಒಂದು ಪಾಯಿಂಟ್ ಈ ಕಡೆ ಹಾಕಿ, ಪುಸ್ತಕ ನಮ್ಮ ಗೇಟಿಗೆ ಇರಲಿ' ಅಂತ ಒಬ್ಬ ಮನೆಯವರು ಒಪ್ಪಿಕೊಂಡರೆ ಠಾಣೆಗೆ ಅದು ಹತ್ತು ನಿಮಿಷದ ಕೆಲಸ. ಇಡೀ ಸಭೆಯಲ್ಲಿ ಇದೊಂದೇ ಆದರೂ ನೀವು ಬಂದದ್ದು ಸಾರ್ಥಕ.

ಈಗ ಮಾಹಿತಿಯ ವಿಷಯ. ಒಂದು ಹಳೇ ಓಣಿಯ ಸಭೆ ನೆನಪಿದೆ. ಮೊಬೈಲ್ ಕಳವು ಜಾಸ್ತಿಯಾಗಿತ್ತು. ಮುಂದೆ ಕೂತ ಗಂಡಸರೆಲ್ಲ ರಾತ್ರಿ ಗಸ್ತು ಸಾಲದು ಅಂತ ಒಂದೇ ಸಮನೆ ಗಲಾಟೆ. ಹಿಂದೆ ನಿಂತಿದ್ದ ಹೆಣ್ಣುಮಗಳೊಬ್ಬರು, "ಸಾಹೇಬ್ರ, ಕಳವು ರಾತ್ರಿ ಆಗ್ಲಾಕತ್ತಿಲ್ರಿ. ನಳ ಬಂದ ದಿನಾನೇ ಆಗ್ಲಾಕತ್ತಾವ" ಅಂದರು. ಆ ಓಣಿಗೆ ನೀರು ಕೆಲವು ದಿನಕ್ಕೊಮ್ಮೆ, ಅದೂ ಬೆಳಗಿನ ಜಾವ. ನೀರು ಬಂತು ಅಂದರೆ ಮನೆಮಂದಿಯೆಲ್ಲ ಹೊರಗೆ, ಕೊಡ ಪೈಪು ಹಿಡಿದು. ಬಾಗಿಲು ತೆರೆದೇ ಇರುತ್ತದೆ, ಫೋನು ಕಿಟಕಿ ಹತ್ತಿರ ಚಾರ್ಜಿಗೆ. ನಾವು ಠಾಣೆಗೆ ಬಂದು ದೂರಿನ ತಾರೀಖು ಮತ್ತು ನೀರು ಬಿಟ್ಟ ತಾರೀಖು ಪಕ್ಕಪಕ್ಕ ಇಟ್ಟು ನೋಡಿದೆವು. ಹೆಚ್ಚುಕಡಿಮೆ ಎಲ್ಲವೂ ಕೂಡಿದವು. ರಾತ್ರಿ ಗಸ್ತು ಮುಗಿಸಿ ನಮ್ಮವರು ಠಾಣೆಗೆ ಹಿಂದಿರುಗುವ ಹೊತ್ತಿಗೆ ಕಳ್ಳನ ಕೆಲಸ ಶುರುವಾಗುತ್ತಿತ್ತು. ನೀರಿನ ದಿನಗಳಲ್ಲಿ ಒಬ್ಬರನ್ನು ಬೆಳಗಿನ ಜಾವಕ್ಕೆ ಹಾಕಿದ ಮೇಲೆ ಆ ಓಣಿಯ ಕಳವು ಇಳಿಯಿತು. ಆ ವಿಷಯ ನಮ್ಮ ಯಾವ ರಿಜಿಸ್ಟರ್‌ನಲ್ಲೂ ಇರಲಿಲ್ಲ, ಯಾಕಂದರೆ ದೂರಿನಲ್ಲಿ 'ನೀರು ತುಂಬುತ್ತಿದ್ದೆ' ಅಂತ ಬರೆಸುವುದು ಯಾರಿಗೂ ಹೊಳೆದಿರಲಿಲ್ಲ.

ಇಂಥ ಮಾಹಿತಿ ಓಣಿಯವರ ಹತ್ತಿರವೇ ಇರುತ್ತದೆ. ಹಾಗಾಗಿ ಸಭೆಗೆ ಮುಂಚೆ ಒಂದು ಹಾಳೆ ಸಿದ್ಧ ಮಾಡಿ. ಹೋದ ಆರು ತಿಂಗಳಲ್ಲಿ ನಿಮ್ಮ ಓಣಿಯಲ್ಲಿ ಏನೇನು ಆಯಿತು: ತಾರೀಖು, ವಾರ, ಯಾವ ಹೊತ್ತಿನಿಂದ ಯಾವ ಹೊತ್ತಿನ ಒಳಗೆ, ಯಾವ ಅಡ್ಡರಸ್ತೆ, ಹೇಗೆ ಒಳಗೆ ಬಂದರು, ಏನು ಹೋಯಿತು, ದೂರು ಕೊಟ್ಟಿರಾ ಇಲ್ವಾ. ಬೀಗ ಮುರಿದರಾ, ಬಾಗಿಲ ಕೊಂಡಿ ಕಿತ್ತರಾ, ಹಿಂದಿನ ಬಾಗಿಲಾ, ಮಾಳಿಗೆಯಿಂದ ಮೆಟ್ಟಿಲಿಳಿದು ಬಂದರಾ ಅನ್ನೋದು ಬಹಳ ಮುಖ್ಯ. ಹಳೇ ಕಳ್ಳರು ತಮಗೆ ರೂಢಿಯಾದ ದಾರಿಯನ್ನು ಸುಲಭಕ್ಕೆ ಬಿಡುವುದಿಲ್ಲ. ಠಾಣೆಯಲ್ಲಿ ಅವರನ್ನು 'ಎಂಒ ಆಸಾಮಿ' ಅನ್ನುತ್ತಾರೆ, ಎಂಒ ಅಂದರೆ ಕಳವು ಮಾಡುವ ರೀತಿ. ಕೊಂಡಿ ಕೀಳುವವನು ಬೇರೆ, ಕಿಟಕಿ ಸರಳು ಬಗ್ಗಿಸುವವನು ಬೇರೆ. ನಿಮ್ಮ ಹಾಳೆಯ ಆ ಒಂದು ಸಾಲು ತನಿಖಾಧಿಕಾರಿಗೆ ನೇರ ದಾರಿ ತೋರಿಸಬಹುದು.

ಹಾಳೆ ಮಾಡುವಾಗ ನಿಮಗೇ ಒಂದು ವಿಷಯ ಗೊತ್ತಾಗುತ್ತದೆ: ಅರ್ಧಕ್ಕರ್ಧ ಜನ ದೂರನ್ನೇ ಕೊಟ್ಟಿರುವುದಿಲ್ಲ. 'ಹೋಗಲಿ ಬಿಡು, ಠಾಣೆ ಯಾರು ಅಲೆದಾಡ್ತಾರೆ' ಅಂತ ಸುಮ್ನಾಗಿರುತ್ತಾರೆ. ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ. ದೂರಿಲ್ಲದ ಕಳವು ಠಾಣೆಯ ಲೆಕ್ಕದಲ್ಲಿ ಆಗೇ ಇಲ್ಲ. ಗಸ್ತು ಎಲ್ಲಿ ಹೆಚ್ಚಿಸಬೇಕು, ಹೆಚ್ಚಿನ ಸಿಬ್ಬಂದಿ ಯಾವ ಕಡೆ ಹಾಕಬೇಕು ಅಂತ ತಿಂಗಳ ಅಪರಾಧ ವಿಮರ್ಶೆ ಸಭೆಯಲ್ಲಿ ನೋಡುವಾಗ ದಾಖಲಾದ ಸಂಖ್ಯೆಯೇ ಮುಂದಿರುತ್ತದೆ. ನಿಮ್ಮ ಓಣಿ ಅಲ್ಲಿ ತಣ್ಣಗೆ ಕಾಣುತ್ತದೆ.

ದೂರು ಕೊಡುವುದರ ಬಗ್ಗೆ ಕಾನೂನು ಏನು ಹೇಳುತ್ತದೆ ಅಂತ ಸಭೆಯಲ್ಲಿ ಎಲ್ಲರಿಗೂ ಗೊತ್ತಾಗಲಿ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಯಲ್ಲಿವೆ. ವಾಸದ ಮನೆಯೊಳಗಿನ ಕಳವು ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂಗೆ ಬರುತ್ತದೆ. ಹೋದದ್ದು ಸಾವಿರ ರೂಪಾಯಿಯದ್ದಾದರೂ ಅದು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಎಫ್‌ಐಆರ್ ಮಾಡಿ ತಾವೇ ತನಿಖೆ ಮಾಡಬೇಕಾದ್ದು. ಮನೆಯ ಹೊರಗಿನ ಸಾದಾ ಕಳವಿನಲ್ಲಿ ಮಾತ್ರ ಒಂದು ಗೆರೆ ಇದೆ. ಸ್ವತ್ತಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ. ಅಲ್ಲಿ ಎಫ್‌ಐಆರ್ ಬದಲು ಎನ್‌ಸಿ, ಅಂದರೆ ಅಸಂಜ್ಞೇಯ ಪ್ರಕರಣ ಅಂತ ದಾಖಲಿಸುತ್ತಾರೆ, ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಹಾಗಂತ ಅದನ್ನೂ ಬರೆದುಕೊಳ್ಳದೆ ಕಳಿಸುವಂತಿಲ್ಲ. ಅಂಗಳದಲ್ಲಿನ ನೀರಿನ ಮೋಟಾರು, ಸೈಕಲ್ಲು ಹೋದರೂ ಹೋಗಿ ಬರೆಸಿ. ಮೋಟಾರು ಹೊಸದಾಗಿದ್ದರೆ ಬಿಲ್ ಜೊತೆಗಿರಲಿ.

ಎಫ್‌ಐಆರ್ ಆದ ಮೇಲೆ ಅದರ ಪ್ರತಿ ದೂರುದಾರರಿಗೆ ಉಚಿತ. ಯಾವ ಠಾಣೆಯ ಹದ್ದಿನಲ್ಲಿ ಆದ ಅಪರಾಧವಾದರೂ ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. ರಿಂಗ್ ರೋಡ್ ಆಚೆಯದು ಅವರದು, ಈಚೆಯದು ಇವರದು ಅಂತ ನಿಮ್ಮನ್ನು ಅಲೆದಾಡಿಸುವಂತಿಲ್ಲ. ಆನ್‌ಲೈನ್‌ನಲ್ಲಿ ಕೊಟ್ಟ ದೂರಿಗೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಇದೆಲ್ಲ ಹೊಸ ಕಾನೂನುಗಳಲ್ಲಿ ಇನ್ನೊಂದಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲಿದೆ. ಸಂಜ್ಞೇಯ ಅಪರಾಧಕ್ಕೂ ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಬರವಣಿಗೆಯಲ್ಲಿ ಎಸ್ಪಿಗೆ ಕಳಿಸಬಹುದು, ಕಲಬುರಗಿ ನಗರದಲ್ಲಾದರೆ ಡಿಸಿಪಿಗೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು.

'ತನಿಖೆ ನಡೀತಿದೆ' ಅನ್ನೋ ಉತ್ತರಕ್ಕೂ ಕಾನೂನಿನಲ್ಲಿ ಒಂದು ಮಿತಿ ಇದೆ. ಅದೇ ಸಂಹಿತೆಯ 193ನೇ ಕಲಂ ಪ್ರಕಾರ ತನಿಖೆ ಎಲ್ಲಿಗೆ ಬಂತು ಅನ್ನೋದನ್ನ 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು. ಮೊಬೈಲ್ ಮೆಸೇಜ್ ಆದರೂ ಸಾಕು. ಇದನ್ನು ಇಡೀ ಓಣಿ ಕೇಳೋ ಹಾಗಿಲ್ಲ, ದೂರು ಕೊಟ್ಟವರು ಕೇಳಬೇಕು. ಕಳವಾದ ಆ ಎರಡು ಮನೆಯವರು ಎಫ್‌ಐಆರ್ ನಂಬರ್ ಹಿಡಿದು ಸಭೆಗೆ ಬರಲಿ. 'ನಮ್ಮ ಪ್ರಕರಣದ ನಂಬರ್ ಇದು, ತನಿಖಾಧಿಕಾರಿ ಯಾರು, ಬೆರಳಚ್ಚು ತೆಗೆದುಕೊಂಡು ಹೋಗಿದ್ದರು, ಅದು ಹಳಬರ ಜೊತೆ ತಾಳೆಯಾಯಿತಾ' ಅಂತ ವಿನಯದಿಂದ ಕೇಳಲಿ. ಎಲ್ಲರ ಮುಂದೆ ಬೇಡ, ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳಿದರೆ ಉತ್ತರ ಚೆನ್ನಾಗಿ ಸಿಗುತ್ತದೆ. ಎಲ್ಲರ ಮುಂದೆ ತನಿಖೆಯ ಗುಟ್ಟು ಹೇಳುವಂತಿಲ್ಲ, ಅದು ಸರಿಯಾದ ನಿಯಮ ಕೂಡ. ಸಭೆಯಲ್ಲಿ ಯಾರ್ಯಾರು ಕೂತಿರುತ್ತಾರೋ ಯಾರಿಗೆ ಗೊತ್ತು?

ಇನ್ನು ಇಡೀ ಬಡಾವಣೆಯ ಲೆಕ್ಕ. ಅದನ್ನು ಕೇಳುವ ಹಕ್ಕು ನಿಮಗೆ ಖಂಡಿತ ಇದೆ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಲೈಂಗಿಕ ದೌರ್ಜನ್ಯ, ಮಕ್ಕಳ ಪೋಕ್ಸೊ ಪ್ರಕರಣ, ಭಯೋತ್ಪಾದನೆ ಇಂಥವು ಮಾತ್ರ ಹೊರತು. ರಾಜ್ಯ ಪೊಲೀಸರ ವೆಬ್‌ಸೈಟ್‌ನಲ್ಲಿ ಜಿಲ್ಲೆ, ಠಾಣೆ ಆರಿಸಿ ಹುಡುಕಬಹುದು. ನಿಮ್ಮ ಓಣಿಯ ಒಬ್ಬ ಕಾಲೇಜು ಹುಡುಗ ಅಥವಾ ಹುಡುಗಿ ತಿಂಗಳಿಗೊಮ್ಮೆ ಕೂತು ಇದನ್ನು ನೋಡಿ ಮನೆ ಕಳವು, ವಾಹನ ಕಳವು ಎಷ್ಟು ಅಂತ ಬರೆದಿಟ್ಟರೆ ಒಳ್ಳೆಯ ಲೆಕ್ಕ ಸಿಗುತ್ತದೆ. ಬಂಧಿತರ ಹೆಸರು, ಅಪರಾಧ ಯಾವುದು ಅನ್ನೋದನ್ನ ಪ್ರತಿ ಠಾಣೆಯಲ್ಲಿ ಎದ್ದು ಕಾಣುವಂತೆ ಪ್ರದರ್ಶಿಸಬೇಕು, ಅದಕ್ಕೆ ಒಬ್ಬ ಅಧಿಕಾರಿಯನ್ನೂ ನೇಮಿಸಿರಬೇಕು. ಇದು ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ.

ಅಷ್ಟಕ್ಕೂ ಅಂಕಿ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. 'ಹೋದ 12 ತಿಂಗಳಲ್ಲಿ ಈ ಠಾಣೆಯ ವ್ಯಾಪ್ತಿಯಲ್ಲಿ ದಾಖಲಾದ ಹಗಲು ಕನ್ನ ಕಳವು, ರಾತ್ರಿ ಕನ್ನ ಕಳವು, ವಾಹನ ಕಳವು, ಸರಗಳ್ಳತನದ ಪ್ರಕರಣಗಳು ತಿಂಗಳವಾರು ಎಷ್ಟು, ಪತ್ತೆಯಾದವು ಎಷ್ಟು' ಅಂತ ಕೇಳಿ. ಇದು ಬರೀ ಸಂಖ್ಯೆ. ತನಿಖೆಗೆ ತೊಂದರೆ ಅಂತ ಇದನ್ನು ತಳ್ಳಿಹಾಕುವುದು ಕಷ್ಟ. ಯಾರ ಮೇಲೆ ಅನುಮಾನ, ಯಾರು ಸುಳಿವು ಕೊಟ್ಟರು ಅಂತ ಕೇಳಿದರೆ ಮಾತ್ರ ಕೊಡುವುದಿಲ್ಲ, ಕೊಡಬಾರದು.

ಈಗ ವಾಟ್ಸಾಪ್. ಇದರ ಬಗ್ಗೆ ನಾನು ಕಟುವಾಗಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲಿ 2018ರ ಜುಲೈ 13ರಂದು ನಡೆದದ್ದನ್ನು ಈ ಭಾಗದವರು ಮರೆಯಬಾರದು. ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದ ಗೆಳೆಯರು ಹಂದಿಕೇರಾ ಹತ್ತಿರ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅನ್ನೋ ಸುದ್ದಿ ಹಬ್ಬಿತು. ಅವರು ಹೆದರಿ ಕಾರು ಓಡಿಸಿದರೆ ಅವರಿಗಿಂತ ಮುಂಚೆ ಮೆಸೇಜು, ವಿಡಿಯೊ ಮುರ್ಕಿ ಗ್ರಾಮ ಮುಟ್ಟಿತು. ಅಲ್ಲಿ ದಾರಿ ಅಡ್ಡಗಟ್ಟಿದರು. ಒಬ್ಬ ಯುವಕ ಸತ್ತ, ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಗುಂಪಿನಲ್ಲಿದ್ದವರು ಜೈಲಿಗೆ ಹೋದರು, ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ. ಹೊಡೆದವರಲ್ಲಿ ಯಾರೂ ಬೆಳಿಗ್ಗೆ ಎದ್ದು ಕೊಲೆ ಮಾಡಬೇಕು ಅಂದುಕೊಂಡಿರಲಿಲ್ಲ. ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂತಲೇ ನಂಬಿದ್ದರು. ಆ ತಿಂಗಳೇ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ಹಾಕಿತು. ಐದೈದಾಗಿ ಹೋದರೂ ಮೆಸೇಜು ಹೋಗೇ ಹೋಗುತ್ತದೆ ಅಲ್ವಾ?

ಗ್ರೂಪಿನಲ್ಲಿ ಅಪರಾಧದ ಸುದ್ದಿ ಹಾಕಬೇಡಿ ಅನ್ನುತ್ತಿಲ್ಲ. ಹಾಕುವ ರೀತಿ ಇದೆ. ಏನಾಯಿತು, ಎಲ್ಲಿ, ಯಾವ ಹೊತ್ತಿಗೆ, ಹೇಗೆ, ಠಾಣೆಗೆ ತಿಳಿಸಿದ್ದೇವಾ, ನಾವೇನು ಮಾಡಬೇಕು. ಯಾರು ಅನ್ನೋದು ಅದರಲ್ಲಿ ಇರಬಾರದು. ಒಂದು ಮಾದರಿ ಕೊಡುತ್ತೇನೆ: 'ಮಂಗಳವಾರ ರಾತ್ರಿ 1ರಿಂದ 4ರ ಒಳಗೆ ಎರಡನೇ ಅಡ್ಡರಸ್ತೆಯಲ್ಲಿ ಬೀಗ ಹಾಕಿದ ಮನೆಯ ಕೊಂಡಿ ಕಿತ್ತಿದ್ದಾರೆ. ಠಾಣೆಗೆ ದೂರು ಕೊಟ್ಟಾಗಿದೆ, ಬೀಟ್ ಪೊಲೀಸರು ಬಂದು ನೋಡಿದ್ದಾರೆ. ಆ ಹೊತ್ತಿನ ಸಿಸಿಟಿವಿ ಯಾರ ಹತ್ತಿರ ಇದ್ದರೂ ಅಳಿಸದೆ ಬೀಟ್ ಪೊಲೀಸರಿಗೆ ತಿಳಿಸಿ. ಊರಿಗೆ ಹೋಗುವವರು ಮುಂಚೆ ಹೇಳಿ ಹೋಗಿ.' ಇಷ್ಟೇ. ಇದನ್ನು ಓದಿದವರು ತಮ್ಮ ಬಾಗಿಲ ಕೊಂಡಿ ನೋಡಿಕೊಳ್ಳುತ್ತಾರೆ. 'ಗ್ಯಾಂಗ್ ಬಂದಿದೆ, ಹುಷಾರ್' ಅಂತ ಓದಿದವರು ಸಂಜೆ ಬರುವ ಅಪರಿಚಿತ ಮುಖ ನೋಡುತ್ತಾರೆ.

ಆ ಅಪರಿಚಿತ ಮುಖ ಯಾರದು ಅಂತಲೂ ಯೋಚಿಸಿ. ಪಾತ್ರೆ ಮಾರುವವರು, ಹಳೇ ಕೂದಲು ಕೊಳ್ಳುವವರು, ಗುಡಾರ ಹಾಕಿದ ಅಲೆಮಾರಿಗಳು, ಕಟ್ಟಡ ಕೆಲಸಕ್ಕೆ ಬಂದವರು. ಬ್ರಿಟಿಷರು 1871ರಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡುವ ಕಾಯ್ದೆ ತಂದರು. ಅದು 1952ರಲ್ಲಿ ರದ್ದಾಯಿತು. ಆದರೆ ಏನಾದರೂ ಕಳುವಾದರೆ ಮೊದಲ ಬೆರಳು ಇವತ್ತಿಗೂ ಅವರ ಕಡೆಗೇ ತಿರುಗುತ್ತದೆ. ನನ್ನ ಅನುಭವದಲ್ಲಿ ಎಷ್ಟೋ ಮನೆ ಕಳವುಗಳ ಸುಳಿವು ಮನೆಯ ಬೀಗ, ಕೀಲಿ, ಊರಿಗೆ ಹೋಗುವ ದಿನ ಎಲ್ಲ ಗೊತ್ತಿದ್ದವರ ಹತ್ತಿರವೇ ಹೋಗಿ ನಿಂತಿದೆ. ಬಾಡಿಗೆಗೆ ಇರುವ ವಿದ್ಯಾರ್ಥಿಗಳ ಕಡೆಗೂ ಸುಮ್ನೆ ಬೆರಳು ತೋರಿಸಬೇಡಿ. ಅವರ ಆಧಾರ್ ಪ್ರತಿ ಮಾಲೀಕರ ಹತ್ತಿರ ಇರಲಿ, ಗ್ರೂಪಿನಲ್ಲಿ ಬೇಡ.

ಯಾರನ್ನಾದರೂ ಕಳವು ಮಾಡುವಾಗಲೇ ಕಂಡರೆ ಹಿಡಿಯುವ ಅಧಿಕಾರ ಸಾಮಾನ್ಯರಿಗೂ ಇದೆ, ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂನಲ್ಲಿ. ಆದರೆ ಅದು ನಿಮ್ಮ ಕಣ್ಣೆದುರು ನಡೆದ, ಜಾಮೀನು ಸಿಗದ ಸಂಜ್ಞೇಯ ಅಪರಾಧಕ್ಕೆ. ಹಿಡಿದವರನ್ನು ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟುವುದು, ಹೊಡೆಯುವುದು, ವಿಡಿಯೊ ಮಾಡುವುದು ಇದ್ಯಾವುದಕ್ಕೂ ಅದರಲ್ಲಿ ಜಾಗ ಇಲ್ಲ. ಜಾತಿ, ಸಮುದಾಯ, ಭಾಷೆ, ಹುಟ್ಟಿದ ಊರು ಇಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ ಜೀವಾವಧಿ ಅಥವಾ ಮರಣದಂಡನೆ. ಸುಮ್ನೆ 112ಕ್ಕೆ ಫೋನ್ ಮಾಡಿ.

ಸಿಸಿಟಿವಿ ದೃಶ್ಯ ಗ್ರೂಪಿಗೆ ಹಾಕಬೇಡಿ. ಕಾರಣ ಎರಡು. ರಸ್ತೆಯಲ್ಲಿ ನಡೆದುಹೋದವನು ಕಳ್ಳ ಅಂತ ನಿಮಗೆ ಅನಿಸಿರುತ್ತದೆ, ಅವನು ಹಾಲು ಹಾಕಲು ಬಂದವನೂ ಆಗಿರಬಹುದು. ನಿಜವಾಗಿ ಕಳ್ಳನೇ ಆಗಿದ್ದರೆ ಆ ವಿಡಿಯೊ ಎರಡು ಗಂಟೆಯಲ್ಲಿ ಅವನಿಗೂ ಸಿಗುತ್ತದೆ, ಅವನು ಊರು ಬಿಡುತ್ತಾನೆ. ದೃಶ್ಯವನ್ನು ತನಿಖಾಧಿಕಾರಿಗೆ ಕೊಡಿ. ಕೊಡುವಾಗ ಮೂರು ವಿಷಯ ಗಮನಿಸಿ. ಡಿವಿಆರ್‌ನಲ್ಲಿ (ಕ್ಯಾಮೆರಾದ ದೃಶ್ಯ ಉಳಿಸಿಡುವ ಪೆಟ್ಟಿಗೆ) ಹಳೆಯದು ತಾನಾಗಿ ಅಳಿಸಿಹೋಗುತ್ತದೆ. ಕೆಲವು ಮನೆಗಳಲ್ಲಿ ಒಂದು ವಾರಕ್ಕೇ ಹೋಗುತ್ತದೆ, ಆದ್ದರಿಂದ ಅದೇ ದಿನ ನಕಲು ಮಾಡಿಸಿ. ಎರಡನೆಯದು ಗಡಿಯಾರ. ಎಷ್ಟೋ ಮನೆಗಳ ಡಿವಿಆರ್ ಸಮಯ ಸರಿಯಾಗಿರುವುದಿಲ್ಲ, ಕರೆಂಟು ಹೋಗಿ ಬಂದಾಗ ಹಿಂದೆಮುಂದೆ ಆಗಿರುತ್ತದೆ. ಪರದೆಯ ಸಮಯ ಮತ್ತು ನಿಮ್ಮ ಫೋನಿನ ಸಮಯ ಎರಡೂ ಒಟ್ಟಿಗೆ ಕಾಣುವಂತೆ ಒಂದು ಫೋಟೋ ತೆಗೆದಿಡಿ. 20 ನಿಮಿಷದ ವ್ಯತ್ಯಾಸ ಇದ್ದರೆ ಮುಂದಿನ ಅಂಗಡಿಯ ಕ್ಯಾಮೆರಾದಲ್ಲಿ ಅವನನ್ನು ಹುಡುಕುವವರು ತಪ್ಪು ಹೊತ್ತಿನಲ್ಲಿ ಹುಡುಕುತ್ತಾ ಕೂರುತ್ತಾರೆ. ಮೂರನೆಯದು, ಕೋರ್ಟಿನಲ್ಲಿ ಆ ದೃಶ್ಯ ನಿಲ್ಲಬೇಕಾದರೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಪೊಲೀಸರು ಸಹಿ ಕೇಳಿದರೆ ಹಿಂಜರಿಯಬೇಡಿ.

ಬೇಸಿಗೆಯ ಬಗ್ಗೆ ಎರಡು ಮಾತು. ನಮ್ಮ ಕಡೆ ಏಪ್ರಿಲ್, ಮೇ ಅಂದರೆ ಮಾಳಿಗೆ ಮೇಲೆ ಮಲಗುವ ಕಾಲ. ಕೆಳಗಿನ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಮೇಲಿನ ಮೆಟ್ಟಿಲ ಬಾಗಿಲು ತೆರೆದಿಟ್ಟು ಮಲಗುತ್ತಾರೆ. ಪಕ್ಕದ ಮಾಳಿಗೆಯಿಂದ ಬಂದವನಿಗೆ ಆ ಬಾಗಿಲು ಸಾಕು. ಅದಕ್ಕೂ ಬೀಗ ಹಾಕಿ ಕೀಲಿ ದಿಂಬಿನ ಕೆಳಗಿಟ್ಟುಕೊಳ್ಳಿ. ಮದುವೆ, ಜಾತ್ರೆ, ಗುಳೆ ಅಂತ ಮನೆಗೆ ಬೀಗ ಬೀಳುವುದೂ ಇದೇ ಕಾಲದಲ್ಲಿ. ಹೋಗುವ ಮುಂಚೆ ಬೀಟ್ ಪೊಲೀಸರಿಗೆ ಮತ್ತು ಒಬ್ಬ ನೆರೆಯವರಿಗೆ ಹೇಳಿ ಹೋಗಿ. ಮದುವೆ ಮನೆಯ ಫೋಟೋವನ್ನು ನೀವು ಮನೆಗೆ ವಾಪಸ್ ಬಂದ ಮೇಲೆ ಸ್ಟೇಟಸ್‌ಗೆ ಹಾಕಿದರೂ ನಡೆಯುತ್ತದೆ. ಬೀದಿ ದೀಪ, ಖಾಲಿ ಪ್ಲಾಟಿನ ಜಾಲಿ ಇವು ಮಹಾನಗರ ಪಾಲಿಕೆಯ ಕೆಲಸ. ಪೊಲೀಸರನ್ನು ಅದಕ್ಕೆ ಬೈದು ಸಮಯ ಕಳೆಯಬೇಡಿ. ಬದಲಿಗೆ ವಾರ್ಡಿನ ಸದಸ್ಯರನ್ನೂ ಪಾಲಿಕೆಯವರನ್ನೂ ಅದೇ ಸಭೆಗೆ ಕರೆಯಿರಿ. ಠಾಣೆಯವರ ಎದುರಿಗೆ ಅವರು ಒಪ್ಪಿಕೊಂಡ ಕೆಲಸ ಬೇಗ ಆಗುತ್ತದೆ.

ಫೋನ್‌ನಲ್ಲಿ ದುಡ್ಡು ಹೋದವರಿಗೆ ಸಭೆಯ ತನಕ ಕಾಯಬೇಡಿ ಅಂತ ಹೇಳಿ. ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹೋಗಿಬಿಡುತ್ತದೆ. ಕಳೆದ ಮೊಬೈಲನ್ನು ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಬಹುದು. ಅದಕ್ಕೆ ಐಎಂಇಐ ನಂಬರ್ ಬೇಕು, ಅದು ಬರೆದಿರುವ ಫೋನಿನ ಡಬ್ಬಿ ಎಸೆಯಬೇಡಿ.

ಮುಂದಿನ ಸಭೆ ಸಂಜೆ 4 ಗಂಟೆಗೆ ಬೇಡ ಅಂತ ಠಾಣೆಯವರಿಗೆ ಹೇಳಿ. ಆ ಹೊತ್ತಿಗೆ ಕೆಲಸಕ್ಕೆ ಹೋದವರು ಇರುವುದಿಲ್ಲ. ಭಾನುವಾರ ಬೆಳಿಗ್ಗೆ ಇಟ್ಟರೆ ಹೆಣ್ಣುಮಕ್ಕಳು, ಬಾಡಿಗೆಯವರು, ಮನೆಗೆಲಸದವರು, ವಾಚ್‌ಮನ್, ಮೂಲೆಯ ಕಿರಾಣಿ ಅಂಗಡಿಯವರು ಬರಬಹುದು. ಅವರನ್ನು ಹಿಂದೆ ನಿಲ್ಲಿಸದೆ ಮುಂದಿನ ಕುರ್ಚಿಯಲ್ಲಿ ಕೂರಿಸಿ. ಓಣಿಯಲ್ಲಿ ಯಾರು ಯಾವಾಗ ಓಡಾಡಿದರು ಅನ್ನೋದು ಮನೆ ಮಾಲೀಕರಿಗಿಂತ ಇವರಿಗೇ ಹೆಚ್ಚು ಗೊತ್ತು.

ಸಭೆಯ ಮರುದಿನ ಒಂದು ಅರ್ಜಿ ಬರೆಯಿರಿ. 'ನಿನ್ನೆ ನಡೆದ ಸಭೆಯಲ್ಲಿ ಈ ವಿಷಯಗಳನ್ನು ತಿಳಿಸಿದ್ದೇವೆ, ತಾವು ಈ ಕ್ರಮಕ್ಕೆ ಒಪ್ಪಿದ್ದೀರಿ' ಅಂತ ನಾಲ್ಕು ಸಾಲು, ಜೊತೆಗೆ ನಿಮ್ಮ ಹಾಳೆ. ಒಂದು ಪ್ರತಿ ಠಾಣೆಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬೀಟ್ ಪಾಯಿಂಟ್ ಹಾಕಿದರಾ, ಗಸ್ತಿನ ಹೊತ್ತು ಬದಲಾಯಿತಾ ಅಂತ ತಿಂಗಳ ನಂತರ ಬೀಟ್ ಪೊಲೀಸರಿಗೆ ಫೋನ್ ಮಾಡಿ ಕೇಳಿ. ಆಗಿದ್ದರೆ ಮುಂದಿನ ಸಭೆಯಲ್ಲಿ ಎಲ್ಲರೆದುರು ಅವರ ಹೆಸರು ಹೇಳಿ ಅಭಿನಂದಿಸಿ, ಅವರ ಸಾಹೇಬ್ರು ಕೇಳಿಸಿಕೊಳ್ಳಲಿ. ಆಗಿಲ್ಲದಿದ್ದರೆ ಸೀಲು ಬಿದ್ದ ಆ ಪ್ರತಿಯ ನಕಲು ಜೋಡಿಸಿ ಎಸಿಪಿ ಕಚೇರಿಗೆ ಕೊಡಿ.